ಚಳಿ ಹತ್ತುವುದು ನೆಲದಿಂದ

ಚಳಿಗಾಲ ಹತ್ತಿರವಾಗುತ್ತಿದ್ದಂತೆ ಚಾರಣದ ಸಾಮಾನು ಮಾರುವ ಅಂಗಡಿಗಳಿಗೆ ಹೊಸಬರು ಬರತೊಡಗುತ್ತಾರೆ. ಮೊದಲ ಸಲ ಟೆಂಟ್‌ನಲ್ಲಿ ಮಲಗಲು ಹೊರಟವರು ಬಾಗಿಲಲ್ಲೇ ಕೇಳುವುದು ಸ್ಲೀಪಿಂಗ್ ಬ್ಯಾಗ್. ಕೈಯಲ್ಲಿರುವ ಮೂರ್ನಾಲ್ಕು ಸಾವಿರ ರೂಪಾಯಿಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಕೆಳಗೆ ಹಾಸಲು ಏನಿದೆ ಎಂದು ಅಂಗಡಿಯವರು ವಿಚಾರಿಸಿದರೆ, ‘ಮನೇಲಿ ಯೋಗ ಮ್ಯಾಟ್ ಇದೆ, ಅದೇ ಸಾಕು’ ಎಂಬ ಉತ್ತರ ಬರುತ್ತದೆ. ಬಯಲಲ್ಲಿ ಮಲಗಿದವರ ನಿದ್ದೆ ಕೆಡುವುದು ಬಹಳ ಸಲ ಈ ಉತ್ತರದಿಂದಲೇ. ಹಣ ಕಡಿಮೆ ಇದ್ದಷ್ಟೂ ಮೊದಲು ಹಾಸಿಗೆಯನ್ನು ಯೋಚಿಸಬೇಕು, ಹೊದಿಕೆ ಆಮೇಲೆ.

ಕಾರಣ ಸರಳ. ಸ್ಲೀಪಿಂಗ್ ಬ್ಯಾಗ್ ತಾನಾಗಿ ಶಾಖ ಹುಟ್ಟಿಸುವುದಿಲ್ಲ. ಅದರೊಳಗಿನ ಎಳೆಗಳು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಲುಗಾಡದೆ ನಿಂತ ಆ ಗಾಳಿ ನಮ್ಮ ಮೈಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ಬ್ಯಾಗ್ ಉಬ್ಬಿರುವ ತನಕ ಮಾತ್ರ ಈ ಕೆಲಸ ನಡೆಯುತ್ತದೆ. ನಾವು ಅದರ ಮೇಲೆ ಮಲಗಿದ ಕೂಡಲೇ ಬೆನ್ನು, ಸೊಂಟ, ಹಿಮ್ಮಡಿಯ ಕೆಳಗಿನ ಭಾಗ ಚಪ್ಪಟೆಯಾಗಿ ಗಾಳಿಯೆಲ್ಲ ಹೊರಬೀಳುತ್ತದೆ. ಹತ್ತು ಸಾವಿರ ರೂಪಾಯಿಯ ಬ್ಯಾಗ್ ಆದರೂ ಬೆನ್ನಡಿಯಲ್ಲಿ ಉಳಿಯುವುದು ಎರಡು ಪದರ ಬಟ್ಟೆ, ನಡುವೆ ಅಮುಕಿದ ಒಂದಿಷ್ಟು ತುಂಬು. ಅದರಾಚೆಗೆ ರಾತ್ರಿಯಿಡೀ ತಣ್ಣಗಿರುವ ನೆಲ. ಮಣ್ಣು, ಅದರಲ್ಲೂ ಒದ್ದೆ ಮಣ್ಣು, ಗಾಳಿಗಿಂತ ಎಷ್ಟೋ ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುತ್ತದೆ. ನೀರಿನ ಶಾಖವಾಹಕತೆ ನಿಂತ ಗಾಳಿಗಿಂತ ಸುಮಾರು 24 ಪಟ್ಟು ಹೆಚ್ಚು. ಕಲ್ಲುಬಂಡೆ ಅದಕ್ಕೂ ಮೇಲು. ರಾಮನಗರ, ಸಾವನದುರ್ಗದ ಕಡೆಯ ಬಂಡೆಗಳು ಸಂಜೆ ಕುಳಿತಾಗ ಹಿತವಾಗಿ ಬೆಚ್ಚಗಿರುತ್ತವೆ. ಬೆಳಗಿನ ಜಾವ ಅದೇ ಬಂಡೆಯ ಮೇಲೆ ಬರಿಯ ಜಮಖಾನ ಹಾಸಿ ಮಲಗಿದವರ ಬೆನ್ನು ಸೆಟೆದುಕೊಂಡಿರುತ್ತದೆ.

ಇದನ್ನು ಒರಟಾಗಿ ಲೆಕ್ಕ ಹಾಕಿಯೂ ನೋಡಬಹುದು. ನಿದ್ದೆಯಲ್ಲಿರುವ ದೊಡ್ಡವರೊಬ್ಬರ ದೇಹ ಹೆಚ್ಚುಕಡಿಮೆ 70ರಿಂದ 80 ವ್ಯಾಟ್‌ನಷ್ಟು ಶಾಖ ಹೊಮ್ಮಿಸುತ್ತದೆ. ಅಂಗಾತ ಮಲಗಿದಾಗ ನೆಲಕ್ಕೆ ಒತ್ತಿಕೊಂಡಿರುವ ಮೈಯ ಭಾಗ ಅರ್ಧ ಚದರ ಮೀಟರಿಗಿಂತ ತುಸು ಕಡಿಮೆ ಎಂದಿಟ್ಟುಕೊಳ್ಳಿ. ನೆಲ 12 ಡಿಗ್ರಿ, ಮ್ಯಾಟಿನ ಮೇಲ್ಮೈ 30 ಡಿಗ್ರಿ ಇದ್ದು, ನಡುವೆ 10 ಮಿಲಿಮೀಟರ್ ದಪ್ಪದ ಒಳ್ಳೆಯ ಫೋಮ್ ಇದ್ದರೆ ಸುಮಾರು 30 ವ್ಯಾಟ್ ನೆಲಕ್ಕೆ ಇಳಿಯುತ್ತದೆ. ಮೈ ಹುಟ್ಟಿಸುವ ಶಾಖದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೆಳಗಿನ ದಾರಿಯಲ್ಲೇ ಹೋಯಿತು. ಅಂಥದೇ ಇನ್ನೊಂದು ಫೋಮ್ ಸೇರಿಸಿದರೆ ನಷ್ಟ 15 ವ್ಯಾಟ್‌ಗೆ ಇಳಿಯುತ್ತದೆ. ಉಳಿದ ಆ 15 ವ್ಯಾಟ್‌ಗೆ ಆದ ಖರ್ಚು ಕೆಲವು ನೂರು ರೂಪಾಯಿ. ಇದೇ ಲಾಭವನ್ನು ಬ್ಯಾಗಿನ ಕಡೆಯಿಂದ ಪಡೆಯಲು ಸಾವಿರಗಟ್ಟಲೆ ತೆರಬೇಕಾಗುತ್ತದೆ.

ಮ್ಯಾಟ್‌ಗಳ ಈ ತಡೆಯುವ ಶಕ್ತಿಯನ್ನು ಆರ್-ವ್ಯಾಲ್ಯೂ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ನೆಲದ ಥಂಡಿ ಮೈಗೆ ತಾಗುವುದು ಕಡಿಮೆ. ಹಿಂದೆ ಒಂದೊಂದು ಕಂಪನಿ ತನ್ನದೇ ವಿಧಾನದಲ್ಲಿ ಅಳೆದು ತನಗೆ ಬೇಕಾದ ಅಂಕಿ ಅಚ್ಚು ಹಾಕಿಸುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಸಂಸ್ಥೆ ಇದಕ್ಕೊಂದು ಮಾನದಂಡ ಗೊತ್ತುಮಾಡಿತು. ಒಂದು ಬಿಸಿ ಫಲಕ, ಒಂದು ತಣ್ಣನೆಯ ಫಲಕ, ನಡುವೆ ಮ್ಯಾಟ್. ಬಿಸಿ ಫಲಕದ ತಾಪಮಾನ ಇಳಿಯದಂತೆ ಕಾಯ್ದುಕೊಳ್ಳಲು ಎಷ್ಟು ವಿದ್ಯುತ್ ಬೇಕಾಯಿತು ಎಂದು ನೋಡುತ್ತಾರೆ. ಈಗ ಹೆಸರಾಂತ ಕಂಪನಿಗಳೆಲ್ಲ ಇದನ್ನೇ ಪಾಲಿಸುತ್ತವೆ. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಮ್ಯಾಟ್‌ಗಳ ಮೇಲೆ ಈ ಅಂಕಿ ಬಹುತೇಕ ಇರುವುದೇ ಇಲ್ಲ. ಆದರೂ ಅಂದಾಜು ಕಟ್ಟಬಹುದು: ಗಟ್ಟಿಯಾದ ಪಾಲಿಎಥಿಲೀನ್ ಫೋಮ್ 10 ಮಿ.ಮೀ. ಇದ್ದರೆ ಅದರ ಆರ್-ವ್ಯಾಲ್ಯೂ ಒಂದೂವರೆಯ ಆಸುಪಾಸು. ಈ ಅಂಕಿಯಲ್ಲಿ ಬಡವರಿಗೆ ಅನುಕೂಲವಾದ ಒಂದು ಗುಣವಿದೆ. ಒಂದರ ಮೇಲೊಂದು ಹಾಸಿದರೆ ಅವನ್ನು ನೇರವಾಗಿ ಕೂಡಬಹುದು. ಒಂದೂವರೆ ಮತ್ತು ಒಂದೂವರೆ ಸೇರಿ ಮೂರು. ಪಶ್ಚಿಮಘಟ್ಟದ ಯಾವ ರಾತ್ರಿಗೂ ಮೂರು ಧಾರಾಳ.

ಅಂಗಡಿಯಲ್ಲಿ ಸಿಗುವ ಮ್ಯಾಟ್‌ಗಳನ್ನು ನೋಡೋಣ. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ನಂಬಿಕಸ್ಥ ಎಂದರೆ ಸುರುಳಿ ಸುತ್ತುವ ಅಥವಾ ಮಡಚುವ ಫೋಮ್ ಮ್ಯಾಟ್. ಅದರೊಳಗಿನ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುವುದಿಲ್ಲ. ನೀರು ಒಳಹೋಗದು, ಚುಚ್ಚಿದರೆ ಗಾಳಿ ಇಳಿಯದು. ಜಾಲಿ ಮುಳ್ಳಿನ ಬಯಲುಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಕೊಳ್ಳುವಾಗ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ಬಿಡಿ. ಗುಳಿ ಕೂಡಲೇ ತುಂಬಿಕೊಂಡರೆ ಮಾಲು ಒಳ್ಳೆಯದು. ಟಿ.ವಿ., ಫ್ರಿಜ್ಜು ಕಟ್ಟಿ ಕಳಿಸುವ ಬಿಳಿ ಫೋಮಿನಂಥದಾದರೆ ಗುಳಿ ಹಾಗೇ ಉಳಿಯುತ್ತದೆ. ನಾಲ್ಕಾರು ರಾತ್ರಿಗೆ ಸೊಂಟದ ಜಾಗದಲ್ಲಿ ಕಾಗದದಷ್ಟು ತೆಳ್ಳಗಾಗುತ್ತದೆ. ಬೆಲೆಯಲ್ಲಿ ಇನ್ನೂರು ಮುನ್ನೂರು ರೂಪಾಯಿ ಹೆಚ್ಚಾದರೂ ಗಟ್ಟಿಯಾದದ್ದನ್ನೇ ಆರಿಸಿ. ದಪ್ಪ 8 ಮಿ.ಮೀ.ಗಿಂತ ಕಡಿಮೆ ಬೇಡ. ಒಂದು ಬದಿಗೆ ಬೆಳ್ಳಿ ಹಾಳೆ ಅಂಟಿಸಿದ ಮ್ಯಾಟ್‌ಗಳನ್ನು ‘ಶಾಖ ವಾಪಸ್ ಕೊಡುತ್ತದೆ’ ಎಂದು ಮಾರುತ್ತಾರೆ. ವಿಕಿರಣವನ್ನು ಪ್ರತಿಫಲಿಸಬೇಕಾದರೆ ಹಾಳೆಗೂ ಮೈಗೂ ನಡುವೆ ಗಾಳಿಯ ಜಾಗ ಬೇಕು. ಮೈ ಅದಕ್ಕೇ ಒತ್ತಿಕೊಂಡು ಮಲಗಿದಾಗ ಆ ಹಾಳೆಯಿಂದ ಆಗುವ ಉಪಕಾರ ತೀರ ಕಡಿಮೆ. ದಪ್ಪವನ್ನು ನೋಡಿ ಕೊಳ್ಳಿ, ಹೊಳಪನ್ನು ನೋಡಿ ಬೇಡ.

ಮನೆಯಲ್ಲಿರುವ ಯೋಗ ಮ್ಯಾಟ್ ತೆಗೆದುಕೊಂಡು ಹೋಗಬಾರದೇ? ಹೋಗಬಹುದು, ಅದು ಒಂದು ರಾತ್ರಿಯ ಬೆಚ್ಚನೆಯ ಊರಿನ ಕ್ಯಾಂಪ್ ಆದರೆ. ಯೋಗ ಮ್ಯಾಟ್ ಮಾಡುವುದು ಕಾಲು ಜಾರದಿರಲೆಂದು. ಬಹಳಷ್ಟು 4ರಿಂದ 6 ಮಿ.ಮೀ. ದಪ್ಪ ಇರುತ್ತವೆ, ಅದಕ್ಕೆ ಹೋಲಿಸಿದರೆ ಭಾರ ಜಾಸ್ತಿ, ಕೆಲವು ಬಗೆಯವು ಇಬ್ಬನಿಯನ್ನೂ ಹೀರುತ್ತವೆ. ಇರುವುದನ್ನು ಎಸೆಯಬೇಕಿಲ್ಲ, ಫೋಮ್ ಮ್ಯಾಟಿನ ಕೆಳಗೆ ಎರಡನೇ ಪದರವಾಗಿ ಹಾಸಿ.

ಗಾಳಿ ತುಂಬುವ ಮ್ಯಾಟ್ ಇಂದು ಆನ್‌ಲೈನಿನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಸರಕು. ಮುಷ್ಟಿಗಿಂತ ತುಸು ದೊಡ್ಡದಾಗಿ ಮಡಚಿಕೊಳ್ಳುತ್ತದೆ, ಆರೇಳು ಸೆಂಟಿಮೀಟರ್ ಎತ್ತರ ಉಬ್ಬುತ್ತದೆ, ಮಲಗಿದರೆ ಮೆತ್ತಗೆ. ಬೆಚ್ಚಗಿರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಒಳಗೆ ಯಾವ ತುಂಬೂ ಇಲ್ಲದ ಮ್ಯಾಟಿನಲ್ಲಿ ಗಾಳಿ ನಿಂತಿರುವುದಿಲ್ಲ. ನಾವು ಮಗ್ಗುಲು ಬದಲಿಸಿದಾಗೆಲ್ಲ ಅದು ಅತ್ತಿತ್ತ ಹೊರಳಿ, ಮೈ ಕಡೆಯ ಬಿಸಿಯನ್ನು ಒಯ್ದು ನೆಲದ ಕಡೆಗೆ ಮುಟ್ಟಿಸುತ್ತಲೇ ಇರುತ್ತದೆ. ಹಾಗಾಗಿ ಇಷ್ಟು ಎತ್ತರದ ಮ್ಯಾಟಿನ ಆರ್-ವ್ಯಾಲ್ಯೂ ಒಂದು ಸೆಂಟಿಮೀಟರ್ ಫೋಮಿಗಿಂತ ಕಡಿಮೆ ಇರಬಹುದು. ಆದರೆ ಮಗ್ಗುಲಾಗಿ ಮಲಗಿ ರೂಢಿಯಾದವರಿಗೆ, ಐವತ್ತು ದಾಟಿದವರಿಗೆ, ಸೊಂಟನೋವು ಇರುವವರಿಗೆ ಗಟ್ಟಿ ನೆಲದ ಮೇಲಿನ ತೆಳು ಫೋಮ್ ನಿಜವಾಗಿ ಕಷ್ಟ. ಭುಜ ಮತ್ತು ಸೊಂಟದ ಮೂಳೆ ನೆಲಕ್ಕೆ ತಾಗಿ ತಾಸಿಗೊಮ್ಮೆ ಎಚ್ಚರವಾಗುತ್ತದೆ. ಅಂಥವರು ಗಾಳಿ ಮ್ಯಾಟನ್ನೇ ಕೊಳ್ಳಲಿ, ಅದರ ಕೆಳಗೊಂದು ಅಗ್ಗದ ಫೋಮ್ ಹಾಸಲಿ. ಮುಳ್ಳು ಚುಚ್ಚುವುದನ್ನು ಫೋಮ್ ತಡೆಯುತ್ತದೆ, ನೆಲದ ಚಳಿಯನ್ನೂ ತಡೆಯುತ್ತದೆ, ಮೇಲಿನದು ಮೂಳೆಗಳನ್ನು ನೋಡಿಕೊಳ್ಳುತ್ತದೆ. ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಕಂಡಿಲ್ಲ.

ಇವೆರಡರ ನಡುವೆ ಬರುವುದು ಮುಚ್ಚಳ ತಿರುಗಿಸಿದರೆ ತಾನೇ ಗಾಳಿ ಎಳೆದುಕೊಳ್ಳುವ ಮ್ಯಾಟ್. ಗಾಳಿಯಾಡದ ಹೊದಿಕೆಯೊಳಗೆ ಸ್ಪಂಜಿನಂಥ ಫೋಮ್ ಕೂಡಿಸಿರುತ್ತಾರೆ. ಸ್ಪಂಜು ಅರಳುವಾಗ ಗಾಳಿ ಒಳಬರುತ್ತದೆ. ಬೋಯಿಂಗ್ ವಿಮಾನ ಕಂಪನಿಯಲ್ಲಿ ಕೆಲಸ ಮಾಡಿದ್ದ ಜಿಮ್ ಲೀ, ನೀಲ್ ಆಂಡರ್ಸನ್ ಎಂಬ ಎಂಜಿನಿಯರುಗಳು 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಇದನ್ನು ರೂಪಿಸಿದರು. ಥರ್ಮ-ಎ-ರೆಸ್ಟ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಮಾರುಕಟ್ಟೆಯಲ್ಲಿದೆ. ಅಗ್ಗದ ದರ್ಜೆಯಲ್ಲಿ ಇಂಥ ಮ್ಯಾಟ್ ಒಂದು ಕಿಲೋ ದಾಟುತ್ತದೆ. ಕಾರಿನಲ್ಲಿ ಹೋಗಿ ಎಸ್ಟೇಟ್ ಕ್ಯಾಂಪಿನಲ್ಲಿ ಉಳಿಯುವ ಸಂಸಾರಸ್ಥರಿಗೆ ಚೆನ್ನ, ಬೆನ್ನಿಗೇರಿಸಿ ಬೆಟ್ಟ ಹತ್ತುವವರಿಗೆ ಬೇಡ.

ಏನನ್ನೂ ಕೊಳ್ಳದೆ ಹಾಸಿಗೆ ಮಾಡಿಕೊಳ್ಳುವ ಬಗೆ ನಮ್ಮ ಹಿರಿಯರಿಗೆ ಗೊತ್ತಿತ್ತು. ಸುಗ್ಗಿಯಲ್ಲಿ ಕಣ ಕಾಯುವವರು ಭತ್ತದ ಹುಲ್ಲು ಹರಡಿ, ಮೇಲೊಂದು ಗೋಣಿ ಹಾಸಿ, ಕಂಬಳಿ ಹೊದ್ದು ಮಲಗುತ್ತಿದ್ದರು. ಹುಲ್ಲಿನ ಕೊಳವೆಗಳಲ್ಲೂ ಸಂದುಗಳಲ್ಲೂ ನಿಲ್ಲುವ ಗಾಳಿಯೇ ಅಲ್ಲಿನ ಫೋಮ್. ತೋಟದ ಮನೆಯಂಗಳದಲ್ಲಿ ಟೆಂಟ್ ಹಾಕುವವರು ಮನೆಯವರನ್ನು ಕೇಳಿ ಒಂದು ಹೊರೆ ಒಣಹುಲ್ಲು ಪಡೆದರೆ ಮ್ಯಾಟಿನ ಕೆಲಸ ಅರ್ಧ ಮುಗಿಯುತ್ತದೆ. ಆದರೆ ಇದೇ ಬುದ್ಧಿಯನ್ನು ಮಲೆನಾಡಿನ ಕಾಡಿನಲ್ಲಿ ಉಪಯೋಗಿಸಿ ತರಗೆಲೆ ಗುಡಿಸಿಕೊಂಡು ಹಾಸಿಗೆ ಮಾಡಬೇಡಿ. ತರಗೆಲೆಯಲ್ಲಿ ಉಣುಗು ಇರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣುಗುಗಳಿಂದಲೇ. ಅದು ಹೆಚ್ಚುವ ಕಾಲವೂ ಡಿಸೆಂಬರಿನಿಂದ ಮೇ, ಅಂದರೆ ಸರಿಯಾಗಿ ಕ್ಯಾಂಪಿಂಗ್‌ನ ಹಂಗಾಮು. ಬರಿನೆಲದ ಮೇಲೆ, ಎಲೆಗಳನ್ನು ದೂರ ಸರಿಸಿದ ಜಾಗದಲ್ಲಿ, ಕೆಳಭಾಗ ಹೊಲಿದು ಮುಚ್ಚಿದ ಟೆಂಟಿನೊಳಗೆ ಮಲಗಿ. ಮಂಗಗಳು ಸತ್ತ ಸುದ್ದಿ ಇರುವ ಕಡೆಗೆ ಹೋಗುವುದೇ ಬೇಡ.

ಅಂಕಿಗಳನ್ನು ಓದುವ ಬಗೆ

ಹಾಸಿಗೆ ಸಿದ್ಧವಾಯಿತು. ಈಗ ಬ್ಯಾಗು.

ಮನುಷ್ಯ ಚೀಲದೊಳಗೆ ಮಲಗುವುದು ಹಳೆಯ ಉಪಾಯವೇ. ಕಾರ್ಖಾನೆಯಲ್ಲಿ ತಯಾರಾಗಿ ಮಾರಾಟವಾದ ಮೊದಲ ಸ್ಲೀಪಿಂಗ್ ಬ್ಯಾಗ್‌ಗಳಲ್ಲಿ ಒಂದು ಎಂದು ಹೆಸರಾದದ್ದು ವೇಲ್ಸ್‌ನ ನ್ಯೂಟೌನ್ ಎಂಬ ಊರಿನ ಉಣ್ಣೆ ವ್ಯಾಪಾರಿ ಪ್ರೈಸ್ ಪ್ರೈಸ್-ಜೋನ್ಸ್ 1876ರಲ್ಲಿ ಪೇಟೆಂಟ್ ಪಡೆದ ಯೂಕ್ಲಿಸಿಯಾ ರಗ್ಗು. ಮಡಚಿ ಕಟ್ಟಿಕೊಳ್ಳುವ ಉಣ್ಣೆಯ ಕಂಬಳಿ, ಅದರಲ್ಲೇ ಹೊಲಿದ ಗಾಳಿ ತುಂಬುವ ರಬ್ಬರ್ ದಿಂಬು. ರಷ್ಯದ ಸೇನೆ ಇದನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂಡಿತು. ಆ ಕಾಲದಲ್ಲಿ ಯಾವ ಚೀಲ ಎಷ್ಟು ಚಳಿಗೆ ತಡೆಯುತ್ತದೆ ಎಂದು ಹೇಳುವ ದಾರಿ ಇರಲಿಲ್ಲ. ಅಂಥ ಅಳತೆಗೆ ಯುರೋಪಿನಲ್ಲಿ ಒಂದು ಏಕರೂಪದ ಮಾನದಂಡ ಬಂದದ್ದು 2002ರಲ್ಲಿ. ಈಗ ಅದು ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡವಾಗಿದೆ. ಶಾಖ ಹೊಮ್ಮಿಸುವ ಮನುಷ್ಯಾಕೃತಿಯ ಬೊಂಬೆಗೆ ಒಳಬಟ್ಟೆ, ಕಾಲುಚೀಲ ತೊಡಿಸಿ, ಚೀಲದೊಳಗೆ ಮಲಗಿಸಿ, ಶೀತಕೋಣೆಯಲ್ಲಿಟ್ಟು ಅಳೆಯುತ್ತಾರೆ. ಬೊಂಬೆಯ ಕೆಳಗೆ ಒಂದು ಮ್ಯಾಟ್ ಇದ್ದೇ ಇರುತ್ತದೆ ಎಂಬುದನ್ನು ನೆನಪಿಡಿ. ಮ್ಯಾಟ್ ಇಲ್ಲದೆ ಮಲಗಿದವರಿಗೆ ಲೇಬಲ್ಲಿನ ಯಾವ ಅಂಕಿಯೂ ಅನ್ವಯಿಸುವುದಿಲ್ಲ.

ಲೇಬಲ್ಲಿನಲ್ಲಿ ಮೂರು ತಾಪಮಾನ ಇರುತ್ತದೆ. ಕಂಫರ್ಟ್ ಎಂದರೆ ಸರಾಸರಿ ಹೆಂಗಸು ಆರಾಮವಾಗಿ ಕೈಕಾಲು ಚಾಚಿ ನಿದ್ದೆ ಮಾಡಬಹುದಾದ ಮಟ್ಟ. ಲಿಮಿಟ್ ಎಂದರೆ ಸರಾಸರಿ ಗಂಡಸು ಮುದುಡಿಕೊಂಡು, ನಡುಗದೆ ರಾತ್ರಿ ಕಳೆಯಬಹುದಾದ ಮಟ್ಟ. ಎಕ್ಸ್‌ಟ್ರೀಮ್ ಎಂದರೆ ಆರು ಗಂಟೆ ಜೀವ ಉಳಿಯಬಹುದು, ದೇಹದ ಶಾಖ ಅಪಾಯದ ಮಟ್ಟಕ್ಕೆ ಕುಸಿಯುವ ಭಯವೂ ಇದೆ ಎಂದರ್ಥ; ನಿದ್ದೆಯ ಮಾತೇ ಅಲ್ಲಿಲ್ಲ. ಕೊಳ್ಳುವಾಗ ಗಂಡಸರೂ ಹೆಂಗಸರೂ ನೋಡಬೇಕಾದದ್ದು ಕಂಫರ್ಟ್ ಒಂದನ್ನೇ. ಅಗ್ಗದ ಚೀಲಗಳ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಮೆರೆಯುವುದು ಎಕ್ಸ್‌ಟ್ರೀಮ್, ಇಲ್ಲವೇ ಯಾರೂ ಅಳೆಯದ ಒಂದು ಅಂಕಿ. ‘ಮೈನಸ್ 10 ಡಿಗ್ರಿ’ ಎಂದು ಬರೆದ ಪಾಲಿಯೆಸ್ಟರ್ ಚೀಲ ತೂಕದಲ್ಲಿ ಎಂಟುನೂರು ಗ್ರಾಂ ಇದ್ದರೆ ಆ ಬರಹವನ್ನು ನಂಬಬೇಡಿ. ಅಷ್ಟು ಕೊರೆತಕ್ಕೆ ಪಾಲಿಯೆಸ್ಟರ್‌ನಲ್ಲಿ ಚೀಲ ಹೊಲಿದರೆ ಅದು ಎರಡು ಕಿಲೋ ದಾಟಬೇಕು. ಮಾನದಂಡದ ಹೆಸರು, ಮೂರೂ ಅಂಕಿ ಇಲ್ಲದ ಚೀಲವನ್ನು ಕೊಳ್ಳಲೇಬೇಕಾದರೆ ಅದರಲ್ಲಿ ಬರೆದದ್ದಕ್ಕಿಂತ ಹತ್ತು ಡಿಗ್ರಿ ಕಡಿಮೆ ಸಾಮರ್ಥ್ಯ ಎಂದು ನಾನಾದರೆ ಲೆಕ್ಕ ಹಿಡಿಯುತ್ತೇನೆ.

ಹಾಗಾದರೆ ನಮಗೆ ಎಷ್ಟು ಬೇಕು? ಇಲ್ಲೊಂದು ಸಮಾಧಾನದ ವಿಷಯವಿದೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದು 1884ರ ಜನವರಿ 13ರಂದು. ಈಗಿನ ಜನವರಿಯ ಸಾಮಾನ್ಯ ರಾತ್ರಿ 15–16 ಡಿಗ್ರಿಯ ಸುತ್ತ ಇರುತ್ತದೆ. ಸಾವಿರ ಮೀಟರ್ ಮೇಲೇರಿದರೆ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್, ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,900 ಮೀಟರಿಗೆ ತುಸು ಮೇಲೆ. ಅಂದರೆ ನಮ್ಮ ಅತಿ ಎತ್ತರದ ಬೆಟ್ಟಗಳ ಸಾಲಿನಲ್ಲೂ ಮಾಮೂಲಿ ಚಳಿಗಾಲದ ರಾತ್ರಿ ಒಂಬತ್ತು ಹತ್ತು ಡಿಗ್ರಿ, ಕೆಟ್ಟ ರಾತ್ರಿಯಲ್ಲಿ ಅದಕ್ಕಿಂತ ನಾಲ್ಕೈದು ಕಡಿಮೆ. ಕಂಫರ್ಟ್ 10 ಡಿಗ್ರಿ ಇರುವ ಚೀಲ, ಒಳ್ಳೆಯ ಮ್ಯಾಟ್, ತಲೆಗೆ ಉಣ್ಣೆಯ ಟೊಪ್ಪಿ, ಮೈಮೇಲೆ ಒಂದು ಸ್ವೆಟರ್ ಇದ್ದರೆ ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನ ಬಹುತೇಕ ರಾತ್ರಿಗಳು ಸುಖವಾಗಿ ಕಳೆಯುತ್ತವೆ. ಚಳಿ ಹೆಚ್ಚು ತಾಗುವ ಮೈ ಆದರೆ 5 ಡಿಗ್ರಿಯದನ್ನು ಕೊಳ್ಳಿ. ಗೋಕರ್ಣ, ಹೊನ್ನಾವರದ ಕಡಲ ತೀರಕ್ಕೆ ಸ್ಲೀಪಿಂಗ್ ಬ್ಯಾಗ್ ಬೇಡವೇ ಬೇಡ, ಮ್ಯಾಟ್ ಮೇಲೊಂದು ದುಪ್ಪಟಿ ಸಾಕು. ಬೆವರಿನಲ್ಲಿ ನಿದ್ದೆ ಹಾಳುಮಾಡಿಕೊಳ್ಳಲು ಹಣ ಕೊಡಬಾರದು.

ಚೀಲದ ತುಂಬಿನಲ್ಲಿ ಎರಡು ಜಾತಿ. ಬಾತುಕೋಳಿ, ಹೆಬ್ಬಾತುಗಳ ಎದೆಯ ತುಪ್ಪುಳು ತುಂಬಿದ್ದು ಡೌನ್. ಇನ್ನೊಂದು ಪಾಲಿಯೆಸ್ಟರ್ ಎಳೆ. ಡೌನ್ ಹಗುರ, ಪುಟ್ಟದಾಗಿ ಮಡಚುತ್ತದೆ, ಜೋಪಾನ ಮಾಡಿದರೆ ಹತ್ತಾರು ವರ್ಷ ಬಾಳುತ್ತದೆ. ಒದ್ದೆಯಾದರೆ ಮಾತ್ರ ಮುದ್ದೆಗಟ್ಟಿ ಉಬ್ಬು ಕಳೆದುಕೊಳ್ಳುತ್ತದೆ, ಒಣಗಿಸುವುದು ದೀರ್ಘ ಕೆಲಸ. ಪಾಲಿಯೆಸ್ಟರ್ ಭಾರ, ಸ್ಥೂಲ, ಕೆಲವು ವರ್ಷಕ್ಕೆ ಸೊರಗುತ್ತದೆ. ಆದರೆ ತೇವದಲ್ಲೂ ಒಂದಿಷ್ಟು ಬೆಚ್ಚಗಿಡುತ್ತದೆ, ಬೇಗ ಒಣಗುತ್ತದೆ. ಮಲೆನಾಡಿನ ಮಂಜು, ಬೆಳಗಿನ ಇಬ್ಬನಿ, ಟೆಂಟಿನ ಒಳಗೋಡೆಯಿಂದ ತೊಟ್ಟಿಕ್ಕುವ ಉಸಿರಿನ ನೀರು ಇವನ್ನೆಲ್ಲ ನೋಡಿದರೆ ನಮ್ಮ ನಾಡಿಗೆ ಪಾಲಿಯೆಸ್ಟರೇ ಹೊಂದುತ್ತದೆ. ಬೆಲೆಯೂ ಕಡಿಮೆ ಎಂಬುದು ಹೆಚ್ಚುವರಿ ಲಾಭ.

ಅಂಗಡಿಯಲ್ಲಿ ಚೀಲವನ್ನು ಬಿಚ್ಚಿಸಿ, ಒಳಗೆ ಹೊಕ್ಕು ಮಲಗಿ ನೋಡಿ. ನಾಚಿಕೊಳ್ಳಬೇಕಿಲ್ಲ. ಕಾಲ್ಬೆರಳು ತುದಿಗೆ ಒತ್ತಿದರೆ ಅಲ್ಲಿ ತುಂಬು ಅಮುಕಿ ಪಾದ ತಣ್ಣಗಾಗುತ್ತದೆ. ಒಂದು ಗೇಣು ಸಡಿಲ ಇರಲಿ. ತೀರ ಉದ್ದವೂ ಬೇಡ, ಖಾಲಿ ಜಾಗವನ್ನೆಲ್ಲ ನಿಮ್ಮ ಮೈಯೇ ಬಿಸಿ ಮಾಡಬೇಕಾಗುತ್ತದೆ. ಕಾಲಿನ ಕಡೆ ಕಿರಿದಾಗುವ ಚೀಲ ಬೆಚ್ಚಗೆ, ಆಯತಾಕಾರದ್ದು ಸಲೀಸು. ಮಗ್ಗುಲು ಬದಲಿಸುತ್ತಲೇ ಇರುವವರು ನಮ್ಮ ಊರುಗಳ ಮಟ್ಟಿಗೆ ಆಯತಾಕಾರದ್ದನ್ನೇ ಆರಿಸಬಹುದು. ಜಿಪ್ ಪೂರ್ತಿ ಬಿಚ್ಚಿದರೆ ಅದು ಮನೆಯಲ್ಲಿ ರಗ್ಗಾಗಿಯೂ ಉಪಯೋಗಕ್ಕೆ ಬರುತ್ತದೆ. ಜಿಪ್ಪನ್ನು ಒಳಗಿನಿಂದ, ಒಂದೇ ಕೈಯಲ್ಲಿ, ಕಣ್ಣುಮುಚ್ಚಿ ಎಳೆದು ನೋಡಿ. ಬಟ್ಟೆಗೆ ಸಿಕ್ಕಿಕೊಂಡರೆ ಬೇರೆ ಚೀಲ ಕೇಳಿ. ಜಿಪ್ಪಿನ ಹಿಂದೆ ಉದ್ದಕ್ಕೂ ಒಂದು ಮೆತ್ತನೆಯ ಪಟ್ಟಿ ಇದೆಯೇ, ಕುತ್ತಿಗೆಯ ಬಳಿ ಬಿಗಿಮಾಡುವ ದಾರ ಇದೆಯೇ ನೋಡಿ. ಚೀಲವನ್ನು ದೀಪಕ್ಕೆ ಎದುರು ಹಿಡಿದರೆ ಹೊಲಿಗೆಯ ಗೆರೆಗಳಲ್ಲಿ ತುಂಬು ಇಲ್ಲದೆ ಬೆಳಕು ತೂರುವುದು ಕಾಣುತ್ತದೆ. ಚಳಿಯೂ ಅಲ್ಲಿಂದಲೇ ನುಗ್ಗುತ್ತದೆ. ಒಂದೇ ಪದರ ಹೊಲಿದ ಅಗ್ಗದ ಚೀಲದಲ್ಲಿ ಇದು ತಪ್ಪಿದ್ದಲ್ಲ. ಗೆರೆಗಳು ಆದಷ್ಟು ದೂರ ದೂರ ಇರುವುದನ್ನು ಆರಿಸಿ.

ಚೀಲದ ಸಾಮರ್ಥ್ಯವನ್ನು ಪುಕ್ಕಟೆಯಾಗಿ ತುಸು ಹೆಚ್ಚಿಸುವ ಒಂದು ದಾರಿಯಿದೆ. ಹಳೆಯ ನೂಲಿನ ಸೀರೆಯನ್ನು ಮಡಚಿ ಎರಡು ಬದಿ ಹೊಲಿದರೆ ಒಳಚೀಲ ಸಿದ್ಧ. ಮೈಯ ಬೆವರು, ಎಣ್ಣೆ, ಧೂಳು ಬ್ಯಾಗಿಗೆ ಹತ್ತುವುದಿಲ್ಲ. ತೊಳೆಯಬೇಕಾದದ್ದು ಸೀರೆ ಮಾತ್ರ. ಬೇಸಿಗೆಯ ರಾತ್ರಿ ಒಳಚೀಲವೊಂದರಲ್ಲೇ ಮಲಗಬಹುದು. ಬಾಡಿಗೆ ಬ್ಯಾಗ್ ಬಳಸುವವರಿಗಂತೂ ಇದು ಬೇಕೇ ಬೇಕು.

ಕಂಬಳಿ ಸಾಲದೇ ಎಂದು ಕೇಳುವವರಿದ್ದಾರೆ, ಅದು ನ್ಯಾಯವಾದ ಪ್ರಶ್ನೆ. ಚಳ್ಳಕೆರೆ ಕಡೆಯ ಕುರುಬರು ನೇಯುವ ಕರಿ ಕಂಬಳಿಯನ್ನು ಹೊದ್ದು ಕುರಿಗಾಹಿಗಳು ಮಳೆ, ಗಾಳಿ, ಚಳಿಯಲ್ಲಿ ಬಯಲಲ್ಲೇ ಮಲಗುತ್ತ ಬಂದಿದ್ದಾರೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದರಷ್ಟು ತೇವ ಹೀರಿಯೂ ಒದ್ದೆ ಎನಿಸುವುದಿಲ್ಲ. ಬೆಂಕಿಯ ಕಿಡಿ ಬಿದ್ದರೆ ಬೇಗ ಹೊತ್ತಿಕೊಳ್ಳುವುದಿಲ್ಲ, ಕ್ಯಾಂಪ್‌ಫೈರ್ ಪಕ್ಕದಲ್ಲಿ ಕೂರುವಾಗ ಇದು ದೊಡ್ಡ ಗುಣ. ನೈಲಾನ್ ಚೀಲದಲ್ಲಿ ಅದೇ ಕಿಡಿ ಕ್ಷಣದಲ್ಲಿ ತೂತು ಕೊರೆಯುತ್ತದೆ. ಕಂಬಳಿಯ ತೊಂದರೆ ಭಾರ, ಮತ್ತೆ ಹೊರಳಿದಾಗ ಬದಿ ತೆರೆದುಕೊಳ್ಳುವುದು. ಬೈಕಿನಲ್ಲೋ ಕಾರಿನಲ್ಲೋ ಹೋಗುವವರು ಮನೆಯಲ್ಲಿ ಕಂಬಳಿ ಇದ್ದರೆ ಬ್ಯಾಗ್ ಕೊಳ್ಳುವುದನ್ನು ಮುಂದಕ್ಕೆ ಹಾಕಿ, ಎರಡು ಫೋಮ್ ಮ್ಯಾಟ್ ಮಾತ್ರ ಕೊಂಡು ಹೊರಡಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಇದ್ದೇ ಇರುತ್ತದೆ. ಅದನ್ನು ಹೊದೆಯುವುದಕ್ಕಿಂತ ಮ್ಯಾಟ್ ಮೇಲೆ ಹಾಸುವುದು ಒಳ್ಳೆಯದು. ನೂಲಾದ್ದರಿಂದ ಇಬ್ಬನಿ ಹೀರಿದರೆ ತಣ್ಣಗಾಗಿ ಬಿಡುತ್ತದೆ, ಟೆಂಟಿನ ಹೊರಗೆ ಇಡಬಾರದು.

ಹಿಮಾಲಯದ ಮಾತೇ ಬೇರೆ

ಡಿಸೆಂಬರ್ ರಜೆಯಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುವ ಕನ್ನಡದ ಯುವಕ ಯುವತಿಯರು ಈಗ ಬಹಳ. ಅದು ಸುಮಾರು 3,800 ಮೀಟರ್ ಎತ್ತರ. ಹಿಮದ ಮೇಲೆ ಬಿಡಾರ, ರಾತ್ರಿ ಶೂನ್ಯಕ್ಕಿಂತ ಎಷ್ಟೋ ಕೆಳಗೆ. ಅಲ್ಲಿಗೆಂದು ಚೀಲ ಕೊಳ್ಳಲು ಹೋದರೆ ಹತ್ತು ಸಾವಿರ ರೂಪಾಯಿ ಸುಲಭವಾಗಿ ಕರಗುತ್ತದೆ. ಹಾಗೆ ಕೊಂಡ ಚೀಲ ಊರಿಗೆ ಮರಳಿದ ಮೇಲೆ ನಮ್ಮ ಹವೆಗೆ ವಿಪರೀತ ಸೆಕೆಯಾಗಿ ಅಟ್ಟ ಸೇರುತ್ತದೆ. ಕೊಳ್ಳಬೇಡಿ. ಚಾರಣ ಏರ್ಪಡಿಸುವ ಸಂಸ್ಥೆಗಳು ಬಹುತೇಕ ಟೆಂಟ್, ಮ್ಯಾಟ್, ಬ್ಯಾಗ್ ತಾವೇ ಕೊಡುತ್ತವೆ. ಬುಕ್ ಮಾಡುವ ಮುನ್ನ ಬ್ಯಾಗಿನ ಕಂಫರ್ಟ್ ತಾಪಮಾನ ಎಷ್ಟು, ಕೆಳಗೆ ಎಷ್ಟು ಮ್ಯಾಟ್ ಕೊಡುತ್ತೀರಿ ಎಂದು ಎರಡನ್ನೂ ಬರಹದಲ್ಲಿ ಕೇಳಿ. ಒಂಟಿಯಾಗಿ ಹೋಗುವವರಿಗೆ ಬೇಸ್ ಹಳ್ಳಿ ಸಾಂಕ್ರಿಯಲ್ಲೂ ಬಾಡಿಗೆ ಅಂಗಡಿಗಳಿವೆ. ಇಲ್ಲಿಂದ ಒಯ್ಯಬೇಕಾದದ್ದು ನಿಮ್ಮದೇ ಫೋಮ್ ಮ್ಯಾಟ್ ಮತ್ತು ಸೀರೆಯ ಒಳಚೀಲ. ಅವರು ಕೊಟ್ಟ ಮ್ಯಾಟಿನ ಕೆಳಗೆ ನಿಮ್ಮದೂ ಸೇರಿದರೆ ಹಿಮದ ಮೇಲಿನ ರಾತ್ರಿ ಸಹ್ಯವಾಗುತ್ತದೆ.

ಸಾಮಾನು ಸರಿಯಿದ್ದರೂ ಬಳಸುವ ರೀತಿ ತಪ್ಪಿದರೆ ಚಳಿ ತಪ್ಪದು. ಹಗಲಿಡೀ ನಡೆದು ಬೆವರಿದ ಬಟ್ಟೆಯಲ್ಲೇ ಚೀಲ ಹೊಗಬೇಡಿ, ಒಣ ಬಟ್ಟೆ, ಒಣ ಕಾಲುಚೀಲ ಬೇರೆಯೇ ಇಟ್ಟುಕೊಳ್ಳಿ. ಹೊಟ್ಟೆ ತುಂಬ ಉಂಡು ಮಲಗಿ, ಶಾಖ ಹುಟ್ಟುವುದು ಅನ್ನದಿಂದ. ಮುಖವನ್ನು ಒಳಗೆಳೆದುಕೊಂಡು ಉಸಿರಾಡಿದರೆ ಮೊದಲು ಹಿತವೆನಿಸುತ್ತದೆ, ಬೆಳಗಾಗುವುದರೊಳಗೆ ಚೀಲ ಒಳಗಿನಿಂದ ತೇವವಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಬಾಟಲಿಯಲ್ಲಿ ಬಿಸಿನೀರು ತುಂಬಿ, ಟವಲ್ ಸುತ್ತಿ, ಪಾದದ ಬಳಿ ಇಟ್ಟರೆ ಮೊದಲ ನಿದ್ದೆ ಬೇಗ ಬರುತ್ತದೆ. ಮದ್ಯ ಕುಡಿದರೆ ಬೆಚ್ಚಗಾಗುತ್ತದೆ ಎಂಬುದು ಅಪಾಯದ ನಂಬಿಕೆ: ಚರ್ಮದ ರಕ್ತನಾಳಗಳು ಹಿಗ್ಗಿ ಮೈಬಿಸಿ ಇನ್ನೂ ಬೇಗ ಹೊರಹೋಗುತ್ತದೆ. ಇದಕ್ಕಿಂತ ಮುಖ್ಯವಾದ ಒಂದು ಮಾತು. ಎಷ್ಟೇ ಚಳಿಯಾದರೂ ಕೆಂಡದ ಅಗ್ಗಿಷ್ಟಿಕೆಯನ್ನೋ ಉರಿಯುವ ಸ್ಟೌವನ್ನೋ ಟೆಂಟಿನೊಳಗೆ ತರಬೇಡಿ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರಿಗೆ ಅದು ಗೊತ್ತೇ ಆಗುವುದಿಲ್ಲ, ಎಚ್ಚರವೂ ಆಗುವುದಿಲ್ಲ.

ಟೆಂಟ್ ಹಾಕುವ ಜಾಗವೂ ಎರಡು ಮೂರು ಡಿಗ್ರಿಯ ವ್ಯತ್ಯಾಸ ಮಾಡಬಲ್ಲದು. ಮೋಡವಿಲ್ಲದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನುದ್ದಕ್ಕೂ ಜಾರಿ ಕಣಿವೆಯ ತಳದಲ್ಲಿ, ಹೊಳೆಯ ಬದಿಯಲ್ಲಿ ಮಡುಗಟ್ಟುತ್ತದೆ. ನೀರಿನಿಂದ ಸ್ವಲ್ಪ ಮೇಲೆ, ಗಾಳಿ ಹೊಡೆಯದ ಮಗ್ಗುಲಲ್ಲಿ ನಿಲ್ಲಿಸಿ. ಕಾಡಿನಲ್ಲಿ ಎಲ್ಲೆಂದರಲ್ಲಿ ಉಳಿಯಲು ಅನುಮತಿ ಇಲ್ಲ. ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನದೊಳಗೆ ಸ್ವಂತ ಟೆಂಟ್ ಹಾಕಿ ರಾತ್ರಿ ತಂಗುವಂತಿಲ್ಲ. ಅರಣ್ಯ ಇಲಾಖೆಯ ನಿಯಮ ಕೇಳಿಕೊಂಡು, ಹೋಂಸ್ಟೇ, ಎಸ್ಟೇಟ್, ತೋಟಗಳ ಜಾಗದಲ್ಲೇ ಬಿಡಾರ ಹೂಡುವುದು ಸರಿ.

ನನ್ನನ್ನು ಕೇಳಿದರೆ ಮೂರು ಸಾವಿರ ರೂಪಾಯಿಯನ್ನು ಹೀಗೆ ಹಂಚುತ್ತೇನೆ. ಗಟ್ಟಿ ಫೋಮಿನ ಮ್ಯಾಟ್ ಎರಡಕ್ಕೆ ಸಾವಿರದಿಂದ ಸಾವಿರದ ಇನ್ನೂರು. ಮಿಕ್ಕಿದ್ದರಲ್ಲಿ ಕಂಫರ್ಟ್ 10 ಡಿಗ್ರಿಯ, ಮೂರೂ ಅಂಕಿ ಬರೆದ, ಒಂದೂವರೆ ಕಿಲೋ ಮೀರದ ಪಾಲಿಯೆಸ್ಟರ್ ಚೀಲ. ಅಷ್ಟು ಹಣ ಒಮ್ಮೆಗೇ ಇಲ್ಲದಿದ್ದರೆ ಈ ವರ್ಷ ಮ್ಯಾಟ್ ಮಾತ್ರ, ಬ್ಯಾಗ್ ಬಾಡಿಗೆಗೆ. ಬೆಂಗಳೂರಿನಲ್ಲಿ ದಿನದ ಲೆಕ್ಕಕ್ಕೆ ಬಾಡಿಗೆ ಕೊಡುವವರಿದ್ದಾರೆ. ಎರಡು ಮೂರು ಸಲ ಬೇರೆ ಬೇರೆ ಚೀಲದಲ್ಲಿ ಮಲಗಿದ ಮೇಲೆ ನಿಮ್ಮ ಮೈಗೆ ಎಷ್ಟು ಬೇಕು ಎಂಬುದು ನಿಮಗೇ ತಿಳಿಯುತ್ತದೆ.

ಹೆಚ್ಚಿನವರು ಎಡವುವುದು ಮನೆಗೆ ಬಂದ ಮೇಲೆ. ಚಾರಣದಿಂದ ಮರಳಿದ ಚೀಲವನ್ನು ಅದರ ಸಣ್ಣ ಸಂಚಿಯಲ್ಲೇ ಅಮುಕಿಟ್ಟು ಕಪಾಟಿನ ಮೇಲೆ ಎಸೆದರೆ ಮುಂದಿನ ವರ್ಷಕ್ಕೆ ತುಂಬು ಮತ್ತೆ ಉಬ್ಬುವುದಿಲ್ಲ, ತೇವ ಉಳಿದಿದ್ದರೆ ಬೂಷ್ಟು ಹಿಡಿಯುತ್ತದೆ. ಮೊದಲ ದಿನವೇ ಒಳಗು ಹೊರಗು ಮಾಡಿ ನೆರಳಿನಲ್ಲಿ ಗಾಳಿಗೆ ಹಾಕಿ. ಪೂರ್ತಿ ಆರಿದ ಮೇಲೆ ದೊಡ್ಡ ದಿಂಬಿನ ಗವಸಿನಲ್ಲೋ ಹಳೆಯ ಬೆಡ್‌ಶೀಟಿನ ಗಂಟಿನಲ್ಲೋ ಸಡಿಲವಾಗಿ ತುಂಬಿ ತೂಗುಹಾಕಿ. ತೊಳೆಯುವುದು ಅಪರೂಪಕ್ಕೆ, ಉಗುರುಬೆಚ್ಚಗಿನ ನೀರಿನಲ್ಲಿ, ಸೌಮ್ಯ ಸೋಪಿನಲ್ಲಿ. ಬಟ್ಟೆಗೆ ಪರಿಮಳ ಕೊಡುವ ಕಂಡಿಷನರ್ ಬೇಡ, ಹಿಂಡುವುದೂ ಬೇಡ. ಫೋಮ್ ಮ್ಯಾಟಿಗೆ ಒದ್ದೆಬಟ್ಟೆಯಲ್ಲಿ ಒರೆಸಿದರೆ ಸಾಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಅದನ್ನು ಬಿಟ್ಟು ಹೋಗಬೇಡಿ, ಕಾವಿಗೆ ಸುಕ್ಕುಗಟ್ಟಿ ಕುಗ್ಗುತ್ತದೆ.